ಹೀಟ್ ಪಂಪಿನ ನೀರು 55ರಿಂದ 41ಕ್ಕೆ: ಒಂದು ಚಳಿಗಾಲದ ಕೆಲಸದ ಡೈರಿ

ಹೊರಗೆ ದಿನದ ಸರಾಸರಿ ಮೈನಸ್ 5 ಡಿಗ್ರಿ ಇದ್ದಾಗ ನಮ್ಮ ಮನೆಯ ಹೀಟ್ ಪಂಪ್ ದಿನಕ್ಕೆ 65 ಯೂನಿಟ್ ಹತ್ತಿರ ಕರೆಂಟು ಎಳೆಯುತ್ತಿತ್ತು. ಮನೆ ಬೆಚ್ಚಗೇ ಇತ್ತು. ಡಿಸ್‌ಪ್ಲೇಯಲ್ಲಿ ಯಾವ ಎರರ್ ಕೋಡೂ ಇರಲಿಲ್ಲ. ಹಾಗಾಗಿ ಅದನ್ನು ಕೂರಿಸಿಕೊಟ್ಟವರ ಪ್ರಕಾರ ಎಲ್ಲ ಸರಿಯಾಗೇ ಇತ್ತು. ಈಗ ಅಷ್ಟೇ ಚಳಿಯಲ್ಲಿ, ಅದೇ 20 ಡಿಗ್ರಿ ಕೋಣೆಗೆ, 42 ಯೂನಿಟ್ ಆಸುಪಾಸಿನಲ್ಲಿ ಓಡುತ್ತಿದೆ. ಹೊಸ ಯಂತ್ರ ತರಲಿಲ್ಲ, ಯಂತ್ರದೊಳಗೆ ಶಾಖ ಹೊತ್ತು ಸುತ್ತುವ ಗ್ಯಾಸಿನ ಪೈಪುಗಳನ್ನು ಮುಟ್ಟಲೇ ಇಲ್ಲ. ಮಾಡಿದ್ದು ಒಂದೇ ಕೆಲಸ: ರೇಡಿಯೇಟರಿಗೆ (ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ಲೋಹದ ಹಲಗೆ) ಹೋಗುವ ನೀರಿನ ಬಿಸಿ ಇಳಿಸುವುದು, ಇಳಿಸಲು ಅಡ್ಡ ಬಂದದ್ದನ್ನು ಒಂದೊಂದಾಗಿ ಹುಡುಕಿ ತೆಗೆಯುವುದು.

ಯಾಕೆ ನೀರಿನ ಬಿಸಿ? ಹೀಟ್ ಪಂಪ್ ಕರೆಂಟನ್ನೇ ಶಾಖ ಮಾಡಿ ಕೊಡುವ ಕಾಯಿಲ್ ಅಲ್ಲ. ಹೊರಗಿನ ಗಾಳಿ ಎಷ್ಟೇ ತಣ್ಣಗಿದ್ದರೂ ಅದರಲ್ಲಿ ಇರುವ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಬಾವಿಯಿಂದ ನೀರು ಸೇದುವ ಹಾಗೆ, ಆಳ ಜಾಸ್ತಿ ಆದಷ್ಟೂ ಒಂದೊಂದು ಕೊಡಕ್ಕೂ ರಟ್ಟೆ ಜಾಸ್ತಿ ನೋಯುತ್ತದೆ. ಇಲ್ಲಿ ಆಳ ಅಂದರೆ ಹೊರಗಿನ ಗಾಳಿಗೂ ಒಳಗಿನ ನೀರಿಗೂ ಇರುವ ಡಿಗ್ರಿ ಅಂತರ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಿಕ್ಕಿತು ಅನ್ನುವುದಕ್ಕೆ ಸಿಒಪಿ ಅನ್ನುತ್ತಾರೆ. ಅದರ ತುತ್ತತುದಿಯ ಮಿತಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ನೀರಿನ ಬಿಸಿಯನ್ನು ಕೆಲ್ವಿನ್‌ಗೆ ತಿರುಗಿಸಿ (273 ಕೂಡಿಸಿ), ಅದನ್ನು ಆ ಅಂತರದಿಂದ ಭಾಗಿಸಿದರೆ ಆಯಿತು. ನೀರು 55, ಹೊರಗೆ ಮೈನಸ್ 5 ಇದ್ದರೆ 328 ಭಾಗಿಸು 60, ಅಂದರೆ 5.5. ನೀರು 41 ಆದರೆ 314 ಭಾಗಿಸು 46, ಅಂದರೆ 6.8. ನಿಜವಾದ ಯಂತ್ರಗಳು ಈ ಮಿತಿಯ ಅರ್ಧಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುತ್ತವೆ, ಅಂದರೆ ಸುಮಾರು 2.4 ಮತ್ತು 3. ಈ ಕೆಲಸ ಮಾಡುವವರು ಬಾಯಿಲೆಕ್ಕಕ್ಕೆ ಒಂದು ಮಾತು ಇಟ್ಟುಕೊಂಡಿರುತ್ತಾರೆ: ನೀರು ಒಂದು ಡಿಗ್ರಿ ಇಳಿದರೆ ಖರ್ಚು ಶೇಕಡಾ 2ರಿಂದ 3ರಷ್ಟು ಇಳಿಯುತ್ತದೆ. ಒಂದು ಡಿಗ್ರಿ ಅಂದರೆ ಏನೂ ಅಲ್ಲ ಅನಿಸುತ್ತದೆ. ಹದಿನಾಲ್ಕು ಡಿಗ್ರಿ ಕೂಡಿಸಿ ನೋಡಿ.

ಕೆಲಸ ಶುರು ಮಾಡಿದ್ದು ಅಳತೆಯಿಂದ. ಅಳೆಯದೆ ಸೆಟ್ಟಿಂಗ್ ಬದಲಾಯಿಸುತ್ತಾ ಹೋದರೆ ಯಾವುದರಿಂದ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಇವತ್ತು ಕಡಿಮೆ ಉರಿಯಿತು ಅಂತ ಖುಷಿಪಟ್ಟರೆ ಅದು ಹೊರಗೆ ನಾಲ್ಕು ಡಿಗ್ರಿ ಬೆಚ್ಚಗಿದ್ದದ್ದಕ್ಕೆ ಆಗಿರುತ್ತದೆ. ಒಂದು ಇಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರುಗಳನ್ನು ಜೋಡಿಸಿದೆ. ಎಲ್ಲಕ್ಕೂ ಒಂದೇ ಡೇಟಾ ತಂತಿ ಸಾಕು, ಒಂದೊಂದಕ್ಕೂ ಅದರದೇ ನಂಬರ್ ಇರುತ್ತದೆ. ಡೇಟಾ ತಂತಿಗೂ 3.3 ವೋಲ್ಟ್‌ಗೂ ನಡುವೆ 4.7 ಕಿಲೋಓಮ್ ರೆಸಿಸ್ಟರ್ ಒಂದು ಬೇಕು. ಸೆನ್ಸರ್ ಕಟ್ಟಿದ ಜಾಗಗಳು: ಹೀಟ್ ಪಂಪಿನಿಂದ ಹೊರಡುವ ಪೈಪು, ವಾಪಸ್ ಬರುವ ಪೈಪು, ಬಫರ್ ಟ್ಯಾಂಕ್ (ಬಿಸಿನೀರನ್ನು ನಡುವೆ ಹಿಡಿದಿಡುವ ತೊಟ್ಟಿ) ದಾಟಿ ರೇಡಿಯೇಟರುಗಳ ಕಡೆ ಹೋಗುವ ಪೈಪು, ಹೊರಗಿನ ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬೆನ್ನು, ಮತ್ತೆ ಅದರಿಂದ ದೂರ ನೆರಳಲ್ಲಿ ಇನ್ನೊಂದು. ಸೆನ್ಸರಿನ ಲೋಹದ ತುದಿಗೆ ಥರ್ಮಲ್ ಪೇಸ್ಟ್ ಹಚ್ಚಿ, ಪೈಪಿಗೆ ಒತ್ತಿ ಕಟ್ಟಿ, ಮೇಲೆ ಪೈಪಿನ ಫೋಮ್ ಸುತ್ತಬೇಕು. ಬರೀ ಟೇಪು ಸುತ್ತಿದರೆ ಕೋಣೆಯ ಗಾಳಿಯನ್ನೂ ಸೇರಿಸಿ ಅಳೆಯುತ್ತದೆ.

ಇಲ್ಲಿ ಒಂದು ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಲೇಬೇಕು. ಈ ಸೆನ್ಸರುಗಳ ನಿಖರತೆ ಅರ್ಧ ಡಿಗ್ರಿ ಹೆಚ್ಚು ಕಮ್ಮಿ. ಹೋಗುವ ನೀರಿಗೂ ಬರುವ ನೀರಿಗೂ ಇರುವ ಅಂತರವೇ ಸಾಮಾನ್ಯವಾಗಿ 5 ಡಿಗ್ರಿ ಆಸುಪಾಸು. ಒಂದು ಸೆನ್ಸರ್ ಅರ್ಧ ಮೇಲೆ, ಇನ್ನೊಂದು ಅರ್ಧ ಕೆಳಗೆ ತೋರಿಸಿದರೆ 5 ಅನ್ನುವುದು 6 ಆಗುತ್ತದೆ, ಶಾಖದ ಲೆಕ್ಕ ಶೇಕಡಾ 20 ಸುಳ್ಳು. ಅದಕ್ಕೇ ಪೈಪಿಗೆ ಕಟ್ಟುವ ಮೊದಲು ಎಲ್ಲ ಸೆನ್ಸರುಗಳನ್ನೂ ರಬ್ಬರ್ ಬ್ಯಾಂಡಿನಲ್ಲಿ ಒಟ್ಟಿಗೆ ಕಟ್ಟಿ, 40 ಡಿಗ್ರಿ ಆಸುಪಾಸಿನ ನೀರಿನ ಫ್ಲಾಸ್ಕಿನಲ್ಲಿ ಮುಳುಗಿಸಿ, ಒಂದಕ್ಕೂ ಇನ್ನೊಂದಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದುಕೊಂಡು ಅದನ್ನು ಕೋಡಿನಲ್ಲೇ ಕಳೆದೆ. ನಿಜವಾದ ಬಿಸಿ ಎಷ್ಟು ಅನ್ನುವುದು ಅಷ್ಟು ಮುಖ್ಯ ಅಲ್ಲ, ಎರಡೂ ಒಂದೇ ಸುಳ್ಳು ಹೇಳಿದರೆ ಸಾಕು.

ಕರೆಂಟಿನ ಅಳತೆಗೆ ಹೀಟ್ ಪಂಪಿನ ಲೈನಿಗೆ ಪ್ರತ್ಯೇಕ ಮೀಟರ್ ಬೇಕು. ತಂತಿಯ ಮೇಲೆ ಕಚ್ಚಿಸುವ ಬರೀ ಸಿಟಿ ಕ್ಲ್ಯಾಂಪ್ ಆಂಪಿಯರ್ ಮಾತ್ರ ಹೇಳುತ್ತದೆ. ವೋಲ್ಟೇಜನ್ನೂ ಜೊತೆಗೇ ಓದುವ ಪಿಜೆಮ್-004ಟಿ ಥರದ ಮಾಡ್ಯೂಲ್ ನಿಜವಾದ ವ್ಯಾಟ್ ಕೊಡುತ್ತದೆ. ಮನೆಯ ಕರೆಂಟ್ ಬೋರ್ಡಿನೊಳಗಿನ ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿದೆ, ನೀವೂ ಹಾಗೇ ಮಾಡಿ. ನೀರು ನಿಮಿಷಕ್ಕೆ ಎಷ್ಟು ಲೀಟರ್ ಹರಿಯುತ್ತಿದೆ ಅನ್ನುವುದನ್ನು ಪಂಪಿನ ಸರ್ವಿಸ್ ಮೆನುವೇ ತೋರಿಸುತ್ತಿತ್ತು. ಲೀಟರ್ ಗುಣಿಸು ಡಿಗ್ರಿ ಅಂತರ ಗುಣಿಸು 0.07 ಅಂದರೆ ಕಿಲೋವ್ಯಾಟ್ ಶಾಖ. 12 ಲೀಟರ್, 7.2 ಡಿಗ್ರಿ ಅಂದರೆ 6 ಕಿಲೋವ್ಯಾಟ್. ಅದನ್ನು ಮೀಟರಿನ ಕಿಲೋವ್ಯಾಟಿನಿಂದ ಭಾಗಿಸಿದರೆ ಸಿಒಪಿ ಸಿಕ್ಕಿತು. ಮೊದಲು ಕಂಡದ್ದು 2.2.

ಆಮೇಲೆ ದಿನಕ್ಕೊಂದು ಚುಕ್ಕಿ ಇಡುತ್ತಾ ಹೋದೆ. ಅಡ್ಡಕ್ಕೆ ಹೊರಗಿನ ಸರಾಸರಿ ಬಿಸಿ, ಉದ್ದಕ್ಕೆ ಆ ದಿನದ ಯೂನಿಟ್. ಚುಕ್ಕಿಗಳು ಒಂದು ಓರೆ ಗೆರೆಯ ಸುತ್ತ ಕೂರುತ್ತವೆ. ಏನಾದರೂ ಬದಲಾಯಿಸಿದ ಮೇಲೆ ಹೊಸ ಚುಕ್ಕಿಗಳು ಆ ಗೆರೆಯ ಕೆಳಗೆ ಬಿದ್ದರೆ ಮಾತ್ರ ಉಳಿತಾಯ ಅಂತ ಒಪ್ಪಿಕೊಳ್ಳುವುದು. ತಿಂಗಳ ಬಿಲ್ಲಿಗೆ ಬಿಲ್ಲು ಹೋಲಿಸುವುದು ಸುಮ್ನೆ ಕಾಲಹರಣ.

ಮೊದಲ ಸೆಟ್ಟಿಂಗ್ ನೋಡಿದಾಗಲೇ ಅರ್ಧ ಕಥೆ ತಿಳಿಯಿತು. ನೀರು ಯಾವಾಗಲೂ 55. ಹೊರಗೆ ಮೈನಸ್ 5 ಇದ್ದರೂ 55, ಪ್ಲಸ್ 10 ಇದ್ದರೂ 55. ಇಷ್ಟು ಬಿಸಿ ಇಟ್ಟರೆ ಕೂರಿಸಿದವರಿಗೆ ಚಳಿ ಅಂತ ಯಾರೂ ಫೋನ್ ಮಾಡುವುದಿಲ್ಲ, ಅಲ್ವಾ. ಮೆನುವಿನಲ್ಲಿ ವೆದರ್ ಕಾಂಪೆನ್ಸೇಷನ್ ಅಂತ ಒಂದು ಆಯ್ಕೆ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ. ಹೊರಗಿನ ಚಳಿ ನೋಡಿಕೊಂಡು ನೀರಿನ ಬಿಸಿಯನ್ನು ತಾನೇ ಏರಿಸಿ ಇಳಿಸುವ ಕರ್ವ್ ಅದು. ಎರಡು ಬಿಂದು ಕೊಟ್ಟರೆ ಸಾಕು, ನಡುವಿನ ಗೆರೆಯನ್ನು ಯಂತ್ರವೇ ಎಳೆದುಕೊಳ್ಳುತ್ತದೆ. ಮೈನಸ್ 5ಕ್ಕೆ 50, ಪ್ಲಸ್ 15ಕ್ಕೆ 30 ಅಂತ ಶುರು ಮಾಡಿದೆ. ಆಮೇಲೆ ಒಂದೊಂದು ಡಿಗ್ರಿ ಇಳಿಸುವುದು, ಎರಡು ಮೂರು ದಿನ ಕಾಯುವುದು. ಗೋಡೆಗಳಲ್ಲಿ ಶಾಖ ತುಂಬಿರುತ್ತದೆ, ಹಾಗಾಗಿ ಸಂಜೆ ಇಳಿಸಿ ಬೆಳಿಗ್ಗೆ ತೀರ್ಪು ಕೊಡಲು ಆಗುವುದಿಲ್ಲ. ಕಡು ಚಳಿಯಲ್ಲಿ ಮಾತ್ರ ಕೋಣೆ ತಣ್ಣಗಾದರೆ ಚಳಿ ಕಡೆಯ ಬಿಂದು ಏರಿಸಬೇಕು, ಹಿತವಾದ ದಿನಗಳಲ್ಲಿ ಮಾತ್ರ ತಣ್ಣಗಾದರೆ ಇನ್ನೊಂದು ಬಿಂದು. ಯಾವಾಗಲೂ ತಣ್ಣಗಿದ್ದರೆ ಇಡೀ ಗೆರೆಯನ್ನೇ ಮೇಲೆತ್ತಬೇಕು.

ಇದರ ಜೊತೆಗೇ ರೇಡಿಯೇಟರಿನ ಥರ್ಮೋಸ್ಟಾಟ್ ತಿರುಗಣೆಗಳನ್ನೆಲ್ಲ ಪೂರ್ತಿ ತೆರೆದಿಟ್ಟೆ. ಗೋಡೆಯ ಥರ್ಮೋಸ್ಟಾಟನ್ನು 22.5ಕ್ಕೆ ಇಟ್ಟು ಅದು ಅಡ್ಡ ಬರದ ಹಾಗೆ ಮಾಡಿದೆ. ಹಳೆ ಬಾಯ್ಲರ್ ಅಭ್ಯಾಸ ಇರುವವರಿಗೆ ಇದು ಉಲ್ಟಾ ಅನಿಸುತ್ತದೆ. ಬಳಸದ ಕೋಣೆ ಮುಚ್ಚಿದರೆ ಉಳಿತಾಯ ಅಂತ ತಾನೇ ನಾವೆಲ್ಲ ಅಂದುಕೊಂಡಿರುವುದು? ಬಾಯ್ಲರಿಗೆ ಅದು ಸರಿ. ಹೀಟ್ ಪಂಪಿಗೆ ಹಾಗಲ್ಲ. ಎರಡು ಕೋಣೆ ಮುಚ್ಚಿದರೆ ಅಲ್ಲಿನ ರೇಡಿಯೇಟರುಗಳು ಕೆಲಸಕ್ಕಿಲ್ಲ. ಆ ತಣ್ಣನೆ ಕೋಣೆಗಳು ಒಳಗೋಡೆಯ ಮೂಲಕ ಪಕ್ಕದ ಕೋಣೆಯ ಶಾಖವನ್ನು ಕುಡಿಯುತ್ತಲೇ ಇರುತ್ತವೆ. ಉಳಿದ ರೇಡಿಯೇಟರುಗಳು ಆ ಭಾರ ಹೊರಲು ನೀರು ಇನ್ನೂ ಬಿಸಿ ಆಗಬೇಕು, ಇಡೀ ಯಂತ್ರದ ಸಿಒಪಿ ಕೆಳಗೆ. ತುಂಬ ದೂರದ, ಬೇರೆಯೇ ಆಗಿರುವ ಕೋಣೆ ಇದ್ದರೆ ಮುಚ್ಚಿ. ನಡುಮನೆಗೆ ಅಂಟಿಕೊಂಡ ಕೋಣೆಯನ್ನು ಮುಚ್ಚಬೇಡಿ.

ಕರ್ವ್ ಇಳಿಸುತ್ತಾ 49ಕ್ಕೆ ಬಂದಾಗ ಮೂಲೆಯ ಮಲಗುವ ಕೋಣೆ ತಣ್ಣಗಾಗಲು ಶುರುವಾಯಿತು. ಉಳಿದ ಕೋಣೆಗಳೆಲ್ಲ ಇನ್ನೂ 21, 22ರಲ್ಲಿ ಇದ್ದವು. ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸಿದ್ದು ಈ ಕೋಣೆಯೇ. ಇಡೀ ಮನೆಯ ನೀರಿನ ಬಿಸಿಯನ್ನು ತೀರ್ಮಾನ ಮಾಡುವುದು ಅತಿ ತಣ್ಣಗಿರುವ ಒಂದೇ ಒಂದು ಕೋಣೆ. ಅದೊಂದನ್ನು ಸರಿ ಮಾಡಿದರೆ ಮನೆ ಪೂರ್ತಿ ಎರಡು ಮೂರು ಡಿಗ್ರಿ ಇಳಿಯುತ್ತದೆ, ಆಮೇಲೆ ಇನ್ನೊಂದು ಕೋಣೆ ಕೈ ಎತ್ತುತ್ತದೆ. ಮೊದಲು ಮಾಡಿದ್ದು ಬ್ಯಾಲೆನ್ಸಿಂಗ್. ರೇಡಿಯೇಟರಿನ ಇನ್ನೊಂದು ತುದಿಯಲ್ಲಿ ಮುಚ್ಚಳದ ಕೆಳಗೆ ಇರುವ ಲಾಕ್‌ಶೀಲ್ಡ್ ವಾಲ್ವನ್ನು, ಬೆಚ್ಚಗಿರುವ ಕೋಣೆಗಳಲ್ಲಿ ಕಾಲು ಸುತ್ತು ಕಾಲು ಸುತ್ತಾಗಿ ಬಿಗಿ ಮಾಡುತ್ತಾ ಹೋಗುವುದು. ಅಲ್ಲಿ ತಡೆದ ನೀರು ದೂರದ ಮೂಲೆಗೆ ಹರಿಯುತ್ತದೆ. ತಾಳ್ಮೆ ಬಿಟ್ಟು ಬೇರೆ ಖರ್ಚಿಲ್ಲ. 47ಕ್ಕೆ ಬಂತು.

ಕರ್ವ್ 50ರಲ್ಲಿದ್ದ ದಿನಗಳಿಂದಲೂ ಇನ್ನೂ ಒಂದು ವಿಚಿತ್ರ ಗ್ರಾಫಿನಲ್ಲಿ ಕಾಣುತ್ತಿತ್ತು. ಪಂಪಿನಿಂದ 50 ಡಿಗ್ರಿಯಲ್ಲಿ ಹೊರಟ ನೀರು ಬಫರ್ ಟ್ಯಾಂಕ್ ದಾಟಿ ರೇಡಿಯೇಟರ್ ಕಡೆ ಹೋಗುವಾಗ 46.5. ಮಧ್ಯೆ ಮೂರೂವರೆ ಡಿಗ್ರಿ ಮಾಯ! ಟ್ಯಾಂಕಿನ ಮೈ ಬೆಚ್ಚಗಿರಲಿಲ್ಲ, ಹಾಗಾಗಿ ಅದು ಸೋರಿಕೆ ಅಲ್ಲ. ನಾಲ್ಕು ಪೈಪಿನ ಬಫರ್ ಟ್ಯಾಂಕಿಗೆ ಒಂದು ಕಡೆ ಹೀಟ್ ಪಂಪಿನ ಪಂಪ್, ಇನ್ನೊಂದು ಕಡೆ ರೇಡಿಯೇಟರುಗಳ ಪಂಪ್. ಹೀಟ್ ಪಂಪ್ ಕಡೆ ನಿಮಿಷಕ್ಕೆ 12 ಲೀಟರ್ ಮಾತ್ರ ಬರುತ್ತಿತ್ತು, ರೇಡಿಯೇಟರ್ ಪಂಪ್ ಫುಲ್ ಸ್ಪೀಡಿನಲ್ಲಿ 24 ಎಳೆಯುತ್ತಿತ್ತು. ಬಾಕಿ 12 ಲೀಟರನ್ನು ಅದು ಎಲ್ಲಿಂದ ತರಬೇಕು? ರೇಡಿಯೇಟರಿನಿಂದ ತಣ್ಣಗಾಗಿ ವಾಪಸ್ ಬಂದ 43 ಡಿಗ್ರಿ ನೀರನ್ನೇ ಟ್ಯಾಂಕಿನೊಳಗೆ ಬೆರೆಸಿಕೊಂಡು. 50ರದ್ದು ಅರ್ಧ, 43ರದ್ದು ಅರ್ಧ, ಸೇರಿ 46.5. ಕಂಪ್ರೆಸರ್ 50ಕ್ಕೆ ಎತ್ತುತ್ತಿದೆ, ಕೋಣೆಗೆ ಸಿಗುವುದು 46.5. ಮೂರೂವರೆ ಡಿಗ್ರಿ ಎತ್ತಿದ ಶ್ರಮ ನೀರು ಪಾಲು. ಬಫರ್ ಟ್ಯಾಂಕ್ ಇರುವ ಮನೆಗಳಲ್ಲಿ ಇದನ್ನು ಒಂದು ಸಲ ಅಳೆದು ನೋಡದೆ ಬೇರೆ ಯಾವುದಕ್ಕೂ ಕೈ ಹಾಕಬೇಡಿ ಅನ್ನುತ್ತೇನೆ. ಎರಡೇ ಸೆನ್ಸರಿನ ಕೆಲಸ.

ಆದರೆ 12 ಲೀಟರ್ ಯಾಕೆ? ಆ ಯಂತ್ರಕ್ಕೆ ಬೇಕಾದದ್ದು ಅದಕ್ಕಿಂತ ಜಾಸ್ತಿ. ವಾಪಸ್ ಬರುವ ಪೈಪಿನಲ್ಲಿ ಒಂದು ಜಾಲರಿ ಫಿಲ್ಟರ್ ಇರುತ್ತದೆ. ಯಂತ್ರ ನಿಲ್ಲಿಸಿ, ಎರಡೂ ಬದಿಯ ವಾಲ್ವ್ ಮುಚ್ಚಿ, ಕೆಳಗೆ ಬಕೆಟ್ ಇಟ್ಟು ಬಿಚ್ಚಿದರೆ ಒಳಗೆ ಮಸಿಯಂಥ ಕಪ್ಪು ರಾಡಿ. ಉಕ್ಕಿನ ರೇಡಿಯೇಟರುಗಳ ಒಳಗಿನ ತುಕ್ಕು ಅದು, ಅಯಸ್ಕಾಂತಕ್ಕೆ ಅಂಟುತ್ತದೆ. ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ತೊಳೆದು ಹಾಕಿ, ಗಾಳಿ ಬಿಟ್ಟು, ಪ್ರೆಷರ್ ಮತ್ತೆ ತುಂಬಿಸಿದ ಮೇಲೆ 17 ಲೀಟರ್ ಬಂತು. ಅದೇ ಹೊತ್ತಿಗೆ ರೇಡಿಯೇಟರ್ ಪಂಪನ್ನು ಕೆಳಗಿಳಿಸಿ ಅದನ್ನೂ 17ರ ಹತ್ತಿರಕ್ಕೆ ತಂದೆ. ಈಗ ಟ್ಯಾಂಕಿನ ಈ ಕಡೆಗೂ ಆ ಕಡೆಗೂ ಇರುವ ವ್ಯತ್ಯಾಸ ಅರ್ಧ ಡಿಗ್ರಿಯ ಒಳಗೆ. ಪಂಪ್ ನಿಧಾನ ಆದದ್ದಕ್ಕೆ ಅದರ ವ್ಯಾಟೂ ಇಳಿಯಿತು, ಅದು ಕೊಸರು. ಇಷ್ಟಾದಾಗ ಯಂತ್ರದಿಂದ ಹೊರಡುವ ನೀರು 44ಕ್ಕೆ ಬಂದಿತ್ತು, ಕೋಣೆಗಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಇನ್ನು ಇಳಿಸಬೇಕಾದರೆ ರೇಡಿಯೇಟರೇ ದೊಡ್ಡದಾಗಬೇಕು. ಅವುಗಳ ಮೇಲೆ ಬರೆದಿರುವ ವ್ಯಾಟ್ ಸಾಮಾನ್ಯವಾಗಿ ರೇಡಿಯೇಟರಿನ ಸರಾಸರಿ ಬಿಸಿ ಕೋಣೆಗಿಂತ 50 ಡಿಗ್ರಿ ಮೇಲಿದ್ದಾಗಿನದು. ನೀರು 41ರಲ್ಲಿ ಹೋಗಿ 36ರಲ್ಲಿ ಬಂದರೆ ಸರಾಸರಿ 38.5, ಅಂದರೆ 20ರ ಕೋಣೆಗಿಂತ 18.5 ಅಷ್ಟೇ ಮೇಲೆ. ಅಂತರ ಅರ್ಧ ಆದರೆ ಶಾಖ ಅರ್ಧಕ್ಕಿಂತಲೂ ಕಮ್ಮಿ ಆಗುತ್ತದೆ (ಅಂತರದ 1.3ನೇ ಘಾತದ ಲೆಕ್ಕ), ಹಾಗಾಗಿ 1000 ವ್ಯಾಟ್ ಅಂತ ಬರೆದದ್ದು ಇಲ್ಲಿ ಕೊಡುವುದು ಸುಮಾರು 275. ಮೂಲೆ ಕೋಣೆಯ ಒಂದು ಹಲಗೆಯ ರೇಡಿಯೇಟರ್ ತೆಗೆದು ಅದೇ ಉದ್ದ, ಅದೇ ಎತ್ತರದ, ಎರಡು ಹಲಗೆ ಮತ್ತು ಎರಡು ಸಾಲು ರೆಕ್ಕೆ ಇರುವುದನ್ನು ಹಾಕಿಸಿದೆ. ಉದ್ದ ಅದೇ ಆದ್ದರಿಂದ ಎರಡು ತುದಿಯ ಪೈಪುಗಳ ದೂರ ಬದಲಾಗಲಿಲ್ಲ, ಗೋಡೆಯಿಂದ ಸ್ವಲ್ಪ ಮುಂದೆ ಬಂತು ಅಷ್ಟೇ. ಶಾಖ ಹೆಚ್ಚುಕಮ್ಮಿ ಮುಕ್ಕಾಲು ಪಾಲು ಜಾಸ್ತಿ.

ನಡುಮನೆಯಲ್ಲಿ ರೇಡಿಯೇಟರ್ ಬದಲಾಯಿಸಲು ಜಾಗ ಇರಲಿಲ್ಲ. ಅಲ್ಲಿ ಫ್ಯಾನ್ ಕಟ್ಟಿದೆ. ಕಂಪ್ಯೂಟರಿನ 120 ಮಿಲಿಮೀಟರ್ ಫ್ಯಾನುಗಳನ್ನು ಅಲ್ಯೂಮಿನಿಯಂ ಪಟ್ಟಿಗೆ ಸಾಲಾಗಿ ಕೂರಿಸಿ, ರೇಡಿಯೇಟರಿನ ಕೆಳಗೆ ಗಾಳಿ ಮೇಲಕ್ಕೆ ಊದುವ ಹಾಗೆ ತೂಗುಹಾಕಿದೆ. ಪಟ್ಟಿ ಲೋಹಕ್ಕೆ ತಾಗುವ ಕಡೆ ಫೆಲ್ಟ್ ತುಂಡು ಅಂಟಿಸದಿದ್ದರೆ ರಾತ್ರಿ ಗುಂಯ್ ಅನ್ನುತ್ತದೆ. 12 ವೋಲ್ಟಿನ ಫ್ಯಾನುಗಳನ್ನು 7 ವೋಲ್ಟಿನಲ್ಲಿ ಓಡಿಸಿದರೆ ಸದ್ದೇ ಇಲ್ಲ, ಎಲ್ಲ ಸೇರಿ ನಾಲ್ಕೈದು ವ್ಯಾಟ್ ಕುಡಿಯುತ್ತವೆ. ಡಬ್ಲ್ಯು1209 ಅನ್ನುವ ಪುಟ್ಟ ಥರ್ಮೋಸ್ಟಾಟ್ ಬೋರ್ಡಿನ ಸೆನ್ಸರನ್ನು ಪೈಪಿಗೆ ಕಟ್ಟಿ, 30 ಡಿಗ್ರಿ ದಾಟಿದಾಗ ಮಾತ್ರ ಫ್ಯಾನ್ ತಿರುಗುವಂತೆ ಮಾಡಿದೆ. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ಮುಂದೆ ಒಂದು ಹಲಗೆ ಅಡ್ಡ ಇಟ್ಟಿದ್ದೇನೆ, ಗಾಳಿಗೆ ಕೆಳಗೆ ಜಾಗ ಬಿಟ್ಟು. ಈ ಎರಡು ಕೆಲಸಗಳಿಂದ 44 ಇದ್ದದ್ದು 41 ಆಯಿತು.

ಈಗ ಹೊರಗಿನ ಪೆಟ್ಟಿಗೆ. ಬಾವಿಯ ಆಳ ಎರಡು ತುದಿಯಿಂದಲೂ ಕಮ್ಮಿ ಮಾಡಬಹುದಲ್ಲ. ಗಾಳಿ ಎಳೆದುಕೊಳ್ಳುವ ಬೆನ್ನಿನ ಸೆನ್ಸರ್, ದೂರದ ನೆರಳಿನ ಸೆನ್ಸರಿಗಿಂತ 3 ಡಿಗ್ರಿ ಕಮ್ಮಿ ತೋರಿಸುತ್ತಿತ್ತು. ಪೆಟ್ಟಿಗೆ ಚೆನ್ನಾಗಿ ಕಾಣಲಿ ಅಂತ ಸುತ್ತ ಮರದ ಪಟ್ಟಿಗಳ ಕವರ್ ಹಾಕಿದ್ದರು. ಶಾಖ ಕಳೆದುಕೊಂಡು ಹೊರಬಂದ ತಣ್ಣನೆ ಗಾಳಿ ಆ ಪಟ್ಟಿಗಳಿಗೆ ಹೊಡೆದು, ಸುತ್ತಿ ಬಂದು, ಮತ್ತೆ ಬೆನ್ನಿಗೇ ಸೇರುತ್ತಿತ್ತು. ಹೊರಗೆ ಮೈನಸ್ 5 ಇದ್ದರೂ ಯಂತ್ರದ ಪಾಲಿಗೆ ಮೈನಸ್ 8. ಕವರ್ ಕಿತ್ತು ಹಾಕಿದ ದಿನವೇ ವ್ಯತ್ಯಾಸ ಹೋಯಿತು. ಚಳಿಗೆ ಪಾಪ ಅಂತ ಹೀಟ್ ಪಂಪಿಗೆ ಗೂಡು ಕಟ್ಟುವವರು ಇನ್ನೂ ಇದ್ದಾರೆ. ಅದಕ್ಕೆ ಬೇಕಾದದ್ದು ಗೂಡಲ್ಲ, ಬಯಲು. ಮಳೆ, ಹಿಮ ತಲೆಯ ಮೇಲೆ ಬೀಳದ ಹಾಗೆ ಎತ್ತರದಲ್ಲಿ ಸಣ್ಣ ಚಾವಣಿ ಇದ್ದರೆ ಸಾಕು, ಮುಂದೆ ಹಿಂದೆ ತೆರೆದಿರಬೇಕು.

ಡಿಫ್ರಾಸ್ಟ್ ಕಥೆ ಇನ್ನೂ ಸ್ವಾರಸ್ಯ. ಜಾಸ್ತಿ ಹಿಮ ಕಟ್ಟುವುದು ಕಡು ಚಳಿಯಲ್ಲಿ ಅಂತ ಅನಿಸುತ್ತದೆ, ಆದರೆ ಗ್ರಾಫಿನಲ್ಲಿ ಕಂಡದ್ದು ಸೊನ್ನೆಯಿಂದ ಪ್ಲಸ್ 4ರ ನಡುವೆ, ಮಂಜು ಮುಸುಕಿದ ದಿನಗಳಲ್ಲಿ. ಮೈನಸ್ 10ರ ಗಾಳಿಯಲ್ಲಿ ನೀರಿನ ಅಂಶವೇ ಕಮ್ಮಿ. ಪ್ಲಸ್ 2ರ ತೇವದ ಗಾಳಿಯಲ್ಲಿ ಬೇಕಾದಷ್ಟಿರುತ್ತದೆ, ಹೊರಗಿನ ಕಾಯಿಲ್ ಮಾತ್ರ ಸೊನ್ನೆಗಿಂತ ಕೆಳಗೆ ಇರುತ್ತದೆ, ರೆಕ್ಕೆಗಳ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ. ಆಗ ಯಂತ್ರ ನಾಲ್ಕು ದಾರಿಯ ವಾಲ್ವ್ ತಿರುಗಿಸಿ, ಮನೆಯೊಳಗಿನ ನೀರಿನಿಂದ ಶಾಖ ಕದ್ದು ಹೊರಗಿನ ಹಿಮ ಕರಗಿಸುತ್ತದೆ. ಇದು ಅದರ ಕೆಲಸವೇ, ನಿಲ್ಲಿಸುವಂಥದ್ದಲ್ಲ. ಆದರೆ ನಮ್ಮದು ಬೇಕಾದ್ದಕ್ಕಿಂತ ಹೆಚ್ಚು ಸಲ ಕರಗಿಸಿಕೊಳ್ಳುತ್ತಿತ್ತು. ನೋಡಿದರೆ ರೆಕ್ಕೆಗಳಲ್ಲಿ ಒಣಗಿದ ಎಲೆ, ಧೂಳಿನ ಪದರ. ತಳದ ತಟ್ಟೆಯ ನೀರು ಹೋಗುವ ತೂತು ಕಸದಿಂದ ಮುಚ್ಚಿಕೊಂಡಿತ್ತು. ಕರಗಿದ ನೀರು ತಟ್ಟೆಯಲ್ಲೇ ನಿಂತು, ಹೆಪ್ಪುಗಟ್ಟಿ, ಕೆಳಗಿನಿಂದ ಮೇಲಕ್ಕೆ ಕಾಯಿಲನ್ನೇ ನುಂಗುತ್ತಾ ಬಂದಿತ್ತು. ಮೇನ್ ಆಫ್ ಮಾಡಿ, ಬಿಸಿನೀರು ಸುರಿದು ಮಂಜುಗಡ್ಡೆ ಬಿಡಿಸಿದೆ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಲು ಹೋಗಬೇಡಿ, ಕಾಯಿಲ್ ತೂತಾದರೆ ಗ್ಯಾಸ್ ಹೋಯಿತು ಅಂತಲೇ ಲೆಕ್ಕ. ಹೊಸ ಯಂತ್ರಗಳಲ್ಲಿ ಆರ್290 ಇದ್ದರೆ ಅದು ಪ್ರೊಪೇನ್, ಬೆಂಕಿ ಹಿಡಿಯುವಂಥದ್ದು. ರೆಕ್ಕೆಗಳನ್ನು ಮೆತ್ತಗಿನ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಉಜ್ಜಿ, ಮಾಮೂಲಿ ಪೈಪಿನ ನೀರು ಬಿಟ್ಟೆ. ಪ್ರೆಷರ್ ವಾಷರ್ ಹಾಕಿದರೆ ರೆಕ್ಕೆಗಳೆಲ್ಲ ಮಲಗಿಬಿಡುತ್ತವೆ.

ಅದೇ ತಟ್ಟೆಯಲ್ಲಿ 100 ವ್ಯಾಟಿನ ಒಂದು ಹೀಟರ್ ತಂತಿಯೂ ಇತ್ತು. ಮೀಟರಿನಲ್ಲಿ ಕಂಪ್ರೆಸರ್ ನಿಂತಾಗಲೂ 100 ಚಿಲ್ಲರೆ ವ್ಯಾಟ್ ಕಾಣುತ್ತಿದ್ದದ್ದು ಅದಕ್ಕೇ. ನೇರವಾಗಿ ಕರೆಂಟಿಗೆ ಕೊಟ್ಟಿದ್ದರು, ದಿನವಿಡೀ ಉರಿಯುತ್ತಿತ್ತು, ದಿನಕ್ಕೆ 2.4 ಯೂನಿಟ್. ಎಲೆಕ್ಟ್ರಿಷಿಯನ್ ಅದನ್ನು ಒಂದು ಹೊರಗಿನ ಥರ್ಮೋಸ್ಟಾಟಿಗೆ ಜೋಡಿಸಿದರು, ಈಗ ಪ್ಲಸ್ 2ಕ್ಕಿಂತ ಕೆಳಗೆ ಮಾತ್ರ ಉರಿಯುತ್ತದೆ. ಮೈನಸ್ 5ರ ದಿನ ಇದರಿಂದ ಏನೂ ಉಳಿಯುವುದಿಲ್ಲ ನಿಜ, ಆದರೆ ಹಿತವಾದ ಚಳಿಯ ದಿನಗಳೇ ತಾನೇ ಜಾಸ್ತಿ. ಪೆಟ್ಟಿಗೆಯಿಂದ ಗೋಡೆವರೆಗಿನ ಪೈಪುಗಳ ಮೇಲಿದ್ದ ಫೋಮ್ ಬಿಸಿಲಿಗೆ ಪುಡಿಪುಡಿ ಆಗಿತ್ತು. ಬಿಸಿಲು ತಡೆಯುವ ದಪ್ಪನೆಯದನ್ನು ಹಾಕಿ ಸಂದುಗಳಿಗೆ ಟೇಪು ಸುತ್ತಿದೆ.

ಹೀಟ್ ಪಂಪಿನ ಜೊತೆಗೇ ಬರುವ ಬ್ಯಾಕಪ್ ಹೀಟರ್, ಅಂದರೆ ಕರೆಂಟಿನಲ್ಲೇ ನೇರವಾಗಿ ನೀರು ಕಾಯಿಸುವ ಕಾಯಿಲ್, ಗ್ರಾಫಿನಲ್ಲಿ ಗುರುತಿಸಲು ಸುಲಭ. ಕಂಪ್ರೆಸರಿನ ಗೆರೆ ಅಲೆಯ ಹಾಗೆ ಏರಿಳಿಯುತ್ತದೆ. ಹೀಟರ್ ಬಂದರೆ ಇಟ್ಟಿಗೆ ಇಟ್ಟ ಹಾಗೆ ನೇರ 3 ಕಿಲೋವ್ಯಾಟ್ ಚೌಕ. ಅದರ ಸಿಒಪಿ 1, ಅಂದರೆ ಕಂಪ್ರೆಸರ್ ಮೂರು ಕೊಡುವ ಕಡೆ ಇದು ಒಂದೇ ಕೊಡುತ್ತದೆ. ಹೊರಗೆ ಪ್ಲಸ್ 2ಕ್ಕಿಂತ ಕೆಳಗೆ ಹೋದರೆ ಸೇರಿಕೊಳ್ಳಲು ಅನುಮತಿ ಇತ್ತು. ಅದನ್ನು ಮೈನಸ್ 12ಕ್ಕೆ ಇಳಿಸಿ, ಸೇರಿಕೊಳ್ಳುವ ಮೊದಲು ಕಾಯುವ ಸಮಯವನ್ನೂ ಹೆಚ್ಚಿಸಿದೆ. ಪೂರ್ತಿ ಆಫ್ ಮಾಡಲಿಲ್ಲ, ಮಾಡಲೂಬಾರದು. ಕಂಪ್ರೆಸರ್ ಕೈಕೊಟ್ಟ ರಾತ್ರಿ ಪೈಪು ಒಡೆಯದಂತೆ ಕಾಯುವುದು ಅದೇ.

ರಾತ್ರಿ ಇಳಿಸುವುದರ ಬಗ್ಗೆ ಜನ ಜಗಳ ಆಡುತ್ತಾರೆ. ಒಂದು ಗುಂಪು ಯಾವಾಗಲೂ ಒಂದೇ ಬಿಸಿ ಅನ್ನುತ್ತದೆ, ಇನ್ನೊಂದು ರಾತ್ರಿ ಆಫ್ ಅನ್ನುತ್ತದೆ. ಮನೆ ತಣ್ಣಗಿದ್ದಷ್ಟು ಹೊತ್ತು ಶಾಖ ಕಮ್ಮಿ ಸೋರುತ್ತದೆ ಅನ್ನುವುದು ಸತ್ಯ. ಆದರೆ ಬೆಳಗಿನ ಜಾವ, ಹೊರಗೆ ಅತಿ ಚಳಿ ಇರುವ ಹೊತ್ತಿನಲ್ಲೇ ಯಂತ್ರ ಫುಲ್ ಓಡಿ, ನೀರನ್ನು ಜಾಸ್ತಿ ಕಾಯಿಸಿ, ಕೆಲವೊಮ್ಮೆ ಹೀಟರನ್ನೂ ಕರೆದು ಅದನ್ನು ತುಂಬಿಸಬೇಕು. ನಮ್ಮ ಮನೆಯಲ್ಲಿ 3 ಡಿಗ್ರಿ ಇಳಿಸಿದ ದಿನಗಳ ಚುಕ್ಕಿಗಳು ಗೆರೆಯ ಮೇಲೇ ಕೂತವು, ಕೆಳಗೆ ಬೀಳಲಿಲ್ಲ. 1 ಡಿಗ್ರಿ ಇಳಿಸಿದಾಗ ಚೂರು ಕೆಳಗೆ ಬಿದ್ದವು. ಹಾಗಾಗಿ 1 ಡಿಗ್ರಿ ಇಟ್ಟಿದ್ದೇನೆ, ನಿದ್ದೆಗೂ ಅದೇ ಹಿತ. ದಪ್ಪ ಗೋಡೆಯ ಮನೆ, ಹಗುರ ಗೋಡೆಯ ಮನೆ, ಒಂದೊಂದಕ್ಕೆ ಒಂದೊಂದು ಉತ್ತರ ಬರುತ್ತದೆ, ನಿಮ್ಮ ಚುಕ್ಕಿಗಳನ್ನೇ ಕೇಳಿ.

ಸ್ನಾನದ ನೀರಿನ ಟ್ಯಾಂಕ್ 55ರಲ್ಲಿತ್ತು, 48 ಮಾಡಿದೆ. ಕಾಯಿಸುವ ಸಮಯವನ್ನು ಮಧ್ಯಾಹ್ನಕ್ಕೆ ತಂದೆ, ಆಗ ತಾನೇ ಹೊರಗಿನ ಗಾಳಿ ಸ್ವಲ್ಪ ಬೆಚ್ಚಗಿರುವುದು. ವಾರಕ್ಕೊಮ್ಮೆ 60ಕ್ಕೆ ಕಾಯಿಸುವುದನ್ನು ಮಾತ್ರ ಹಾಗೇ ಉಳಿಸಿದ್ದೇನೆ. 20ರಿಂದ 45ರ ನಡುವಿನ ನೀರಿನಲ್ಲಿ ಲೀಜಿಯೋನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನಾಲ್ಕು ಯೂನಿಟ್ ಉಳಿಸಲು ಹೋಗಿ ಶ್ವಾಸಕೋಶಕ್ಕೆ ತಂದುಕೊಳ್ಳುವ ಅಗತ್ಯ ಇಲ್ಲ.

ಪ್ಲಸ್ 8ರಂಥ ದಿನಗಳಲ್ಲಿ ಇನ್ನೊಂದು ತೊಂದರೆ. ಮನೆಗೆ ಬೇಕಾದದ್ದು ಎರಡೂವರೆ ಕಿಲೋವ್ಯಾಟ್, ಯಂತ್ರ ಎಷ್ಟೇ ನಿಧಾನ ಓಡಿದರೂ ಮೂರೂವರೆ ಕೊಡುತ್ತದೆ. ಹಾಗಾಗಿ ಆನ್ ಆಫ್, ಆನ್ ಆಫ್. ಪ್ರತಿ ಸಲ ಶುರುವಾದಾಗ ಮೊದಲ ಕೆಲವು ನಿಮಿಷ ಶಾಖ ಇಲ್ಲದೆ ಕರೆಂಟು ಹೋಗುತ್ತದೆ, ಕಂಪ್ರೆಸರಿಗೂ ಸವೆತ. ಹಿಸ್ಟರಿಸಿಸ್ ಅನ್ನುವ ಸೆಟ್ಟಿಂಗನ್ನು (ಯಂತ್ರ ನಿಲ್ಲುವ ಬಿಸಿಗೂ ಮತ್ತೆ ಶುರುವಾಗುವ ಬಿಸಿಗೂ ಇರುವ ಅಂತರ) 3ರಿಂದ 6 ಡಿಗ್ರಿಗೆ ಅಗಲ ಮಾಡಿದ ಮೇಲೆ ಒಂದೊಂದು ಓಟ ಉದ್ದ ಆಯಿತು. ತಿರುಗಣೆಗಳೆಲ್ಲ ತೆರೆದಿರುವುದು ಇಲ್ಲೂ ಸಹಾಯಕ್ಕೆ ಬಂತು, ಸುತ್ತುವ ನೀರು ಜಾಸ್ತಿ ಇದ್ದಷ್ಟೂ ಬೇಗ ಕಾದುಬಿಡುವುದಿಲ್ಲ.

ಮನೆಯ ಸೋರಿಕೆ ಮುಚ್ಚಿದ್ದನ್ನು ಹೆಚ್ಚು ವಿವರಿಸುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಅಟ್ಟದ ನೆಲಕ್ಕೆ ಇನ್ನೊಂದು ಪದರ ಇನ್ಸುಲೇಷನ್ ಹಾಸಿದೆ, ಅಟ್ಟದ ಬಾಗಿಲಿಗೂ ಹೊರಬಾಗಿಲಿಗೂ ರಬ್ಬರ್ ಪಟ್ಟಿ, ಪೈಪುಗಳು ಗೋಡೆ ದಾಟುವ ಕಡೆ ಫೋಮ್. ಮೈನಸ್ 5ರಲ್ಲಿ ಮನೆಗೆ 6 ಕಿಲೋವ್ಯಾಟ್ ಬೇಕಿದ್ದದ್ದು 5.2ಕ್ಕೆ ಬಂತು. ಇದರ ಇನ್ನೊಂದು ಲಾಭ ಜನ ಹೇಳುವುದಿಲ್ಲ: ಬೇಕಾದ ಶಾಖ ಕಮ್ಮಿ ಆದರೆ ಅದೇ ರೇಡಿಯೇಟರಿಗೆ ಇನ್ನೂ ತಣ್ಣನೆ ನೀರು ಸಾಕಾಗುತ್ತದೆ. ಉಳಿತಾಯ ಎರಡು ಸಲ. 41ರಲ್ಲಿ ಗಟ್ಟಿಯಾಗಿ ನಿಲ್ಲಲು ಇದೂ ಕಾರಣ.

ನೀರಿಲ್ಲದ, ಗೋಡೆಯ ಮೇಲಿನ ಸ್ಪ್ಲಿಟ್ ಮಾದರಿ ಇರುವವರಿಗೆ ಒಂದೆರಡು ಮಾತು. ಅಲ್ಲೂ ಲೆಕ್ಕ ಇದೇ, ನೀರಿನ ಬದಲು ಒಳಗಿನ ಕಾಯಿಲಿನ ಬಿಸಿ. ಫ್ಯಾನನ್ನು ಸದ್ದು ಬೇಡ ಅಂತ ಅತಿ ನಿಧಾನಕ್ಕೆ ಇಟ್ಟರೆ ಕಾಯಿಲ್ ಜಾಸ್ತಿ ಕಾಯಬೇಕು, ಖರ್ಚು ಏರುತ್ತದೆ. ಫಿಲ್ಟರ್ ತೊಳೆಯಿರಿ, ಫ್ಯಾನ್ ಜೋರಾಗಿಡಿ, ಗಾಳಿ ನೆಲದ ಕಡೆ ತಿರುಗಿಸಿ.

ಈಗ ನೀರು ಇನ್ನೂ ಇಳಿಯದಂತೆ ಹಿಡಿದಿರುವುದು ಬಚ್ಚಲುಮನೆ. ಅಲ್ಲಿರುವುದು ಟವೆಲ್ ಒಣಗಿಸುವ ಏಣಿಯಂಥ ರೇಡಿಯೇಟರ್, 41 ಡಿಗ್ರಿಗೆ ಅದರಿಂದ ಹೆಚ್ಚೇನೂ ಬರುವುದಿಲ್ಲ. ಸ್ನಾನದ ಹೊತ್ತಿಗೆ ಅಲ್ಲಿ ಬೆಚ್ಚಗಿರಲಿ ಅಂತ ಇಡೀ ಮನೆಯ ನೀರನ್ನು 3 ಡಿಗ್ರಿ ಏರಿಸಿದರೆ, ಡಿಗ್ರಿಗೆ ಶೇಕಡಾ 2.5ರ ಲೆಕ್ಕದಲ್ಲಿ, 42 ಯೂನಿಟ್ಟಿಗೆ ದಿನಕ್ಕೆ ಮೂರು ಯೂನಿಟ್ ಜಾಸ್ತಿ. ಅದರ ಬದಲು ಬಚ್ಚಲುಮನೆಗೆ ಹೊಂದುವ, ಗೋಡೆಗೆ ಕೂರಿಸುವ 1 ಕಿಲೋವ್ಯಾಟಿನ ಸಾದಾ ಕರೆಂಟ್ ಹೀಟರ್ ಟೈಮರಿನ ಜೊತೆ ಹಾಕಿಸಿ, ಬೆಳಿಗ್ಗೆ 20 ನಿಮಿಷ ಓಡಿಸಿದರೆ ಯೂನಿಟ್ಟಿನ ಮೂರನೇ ಒಂದು ಪಾಲು. ಸಿಒಪಿ 1ರ ಹೀಟರನ್ನು ಅಷ್ಟು ಬೈದ ಮೇಲೆ ಮನೆಗೆ ಅದನ್ನೇ ಒಂದು ತರಿಸುತ್ತಿದ್ದೇನೆ. ಅದು ಬಂದ ಮೇಲೆ ಕರ್ವನ್ನು 39ಕ್ಕೆ ಇಳಿಸಿ ನೋಡಬೇಕು, ಆಗ ಯಾವ ಕೋಣೆ ತಕರಾರು ತೆಗೆಯುತ್ತದೋ ನೋಡೋಣ.